ಪೈ ಹಿಡಿದ ಮಹನೀಯರು

ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ಸಂಚಿಕೆಗೆ ಎರಡು ಪುಟ ಬರೆದುಕೊಡಬೇಕೆಂದು ಸಂಪಾದಕಿ ಫೋನ್ ಮಾಡಿದ್ದರು. ಮಹನೀಯರೊಬ್ಬರು ಮೆಲ್ಬರ್ನ್ ಬಿಟ್ಟು ಸಿಡ್ನಿಗೆ ಹೊರಟಿದ್ದಾರೆ, ದೊಡ್ಡ ಹುದ್ದೆ ಸಿಕ್ಕಿದೆ, ಅವರ ಬಗ್ಗೆ ಆತ್ಮೀಯವಾಗಿ ಬರೆಯಲು ನನಗಿಂತ ತಕ್ಕವರು ಯಾರಿದ್ದಾರೆ ಎಂಬುದು ಆಕೆಯ ಮಾತು. ಒಪ್ಪಿಕೊಂಡೆ. ಅರ್ಧ ಗಂಟೆಯಲ್ಲಿ ಮಹನೀಯರದೇ ಫೋನ್ ಬಂತು.

"ಬರೀತಿದೀಯಂತಲ್ಲೋ, ವೆರಿ ಗುಡ್. ಫ್ಯಾಮಿಲಿ ಮ್ಯಾಟರ್ ಎಲ್ಲಾ ಬೇಡ. ನನ್ನ ರೂಲ್ ಬಗ್ಗೆ ಮಾತ್ರ ಮರೀಬೇಡ ಕಣೋ. ಅದೇ ಮೇಯ್ನ್."

ಮರೆತಿಲ್ಲ. ಅವರ ಹೆಸರನ್ನು ಮಾತ್ರ ಬಿಟ್ಟಿದ್ದೇನೆ. ಹೆಸರು ಹಾಕಿದರೆ ಅದೊಂದನ್ನೇ ಹುಡುಕಿ, ಫೋಟೋ ತೆಗೆದು, ಮಿಕ್ಕದ್ದನ್ನು ಓದದೆ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಳ್ಳುವ ಜಾಯಮಾನ ಅವರದು. ಹಾಗಾಗಬಾರದು. ಅವರು ಇದನ್ನು ಪೂರ್ತಿ ಓದಬೇಕು.

ಅವರನ್ನು ನಾನು ಮೊದಲು ನೋಡಿದ್ದು ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ, ಸ್ಟೇಷನ್ ಹತ್ತಿರದ ಒಂದು ದೋಸೆ ಹೋಟೆಲಿನಲ್ಲಿ. ದಾವಣಗೆರೆಯಿಂದ ಮಾಸ್ಟರ್ಸ್ ಓದಲು ಬಂದಿದ್ದ ನಾನು ವಾರದಲ್ಲಿ ಮೂರು ದಿನ ಅಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅವರು ಆಗ ಕ್ವೇಕರ್ಸ್ ಹಿಲ್‌ನಲ್ಲಿದ್ದರು. ಮೈಸೂರಿನವರು, ಐಟಿ ಕಂಪನಿಯೊಂದರಲ್ಲಿ ಮ್ಯಾನೇಜರ್. ಭಾನುವಾರ ಬೆಳಿಗ್ಗೆ ಹೆಂಡತಿ ಮಕ್ಕಳ ಜೊತೆ ಬರುವರು. ಕನ್ನಡ ಮಾತಾಡುವ ಹೊಸ ಮುಖ ಕಂಡರೆ ಮೂರು ಪ್ರಶ್ನೆ ಮುಗಿಯುವ ತನಕ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಯಾವೂರು? ಯಾವ ವೀಸಾ? ಮೂರನೆಯದನ್ನು ನೇರವಾಗಿ ಕೇಳುವಷ್ಟು ಒರಟರಲ್ಲ ಅವರು. "ಮನೇಲಿ ನಾನ್‌ವೆಜ್ ಮಾಡ್ತಾರಾ?" ಎಂದು ಸಾಂಬಾರು ಕಲಸುತ್ತಾ ಕೇಳುವರು.

"ಇಲ್ಲ ಸರ್" ಎಂದೆ. ಮನೆಯಲ್ಲಿ ಮಾಡುತ್ತಿರಲಿಲ್ಲ, ನಿಜ. ಹಾಸ್ಟೆಲಿನಲ್ಲಿ ನಾನೇನು ತಿನ್ನುತ್ತಿದ್ದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರ ಮುಖ ಅರಳಿತು. ಆವತ್ತಿನಿಂದ ನಾನು ಅವರ ಲೆಕ್ಕದಲ್ಲಿ ನಮ್ಮ ಹುಡುಗನಾದೆ.

ಉಪಕಾರ ಮಾಡಿಲ್ಲವೆಂದರೆ ಸುಳ್ಳಾಗುತ್ತದೆ. ಎರಡು ವರ್ಷದ ನಂತರ ಅವರು ಮೆಲ್ಬರ್ನ್‌ಗೆ ಬಂದು, ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಿ, ಅದು ಹೇಗೋ ಇಲ್ಲಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಬೋರ್ಡ್ ಸೇರಿದರು. ಫುಟ್‌ಬಾಲ್ ಎಂದರೆ ಇಲ್ಲಿಯವರಿಗೆ ಮೊದಲು ನೆನಪಾಗುವುದು ಮೊಟ್ಟೆಯಾಕಾರದ ಚೆಂಡು. ನಮ್ಮದು ಅದಲ್ಲ, ದುಂಡು ಚೆಂಡಿನದು. ಸಂಬಳ ಕೊಟ್ಟು ಆಡಿಸುವ ವೃತ್ತಿಪರ ತಂಡ. ಆ ಬೋರ್ಡಿನಲ್ಲಿ ಕೂತ ಮೊದಲ ಭಾರತೀಯ ಇವರು. ನನ್ನನ್ನು ಕರೆಸಿ ಅಲ್ಲಿ ವಿಡಿಯೋ ಅನಲಿಸ್ಟ್ ಕೆಲಸ ಕೊಡಿಸಿದರು. ಪಂದ್ಯವನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದು, ಯಾರು ಎಲ್ಲಿ ತಪ್ಪಿದರು ಎಂದು ತುಂಡು ತುಂಡಾಗಿ ಕತ್ತರಿಸಿ ಕೋಚ್ ಮುಂದೆ ಇಡುವುದು ನನ್ನ ಕೆಲಸ. ನನ್ನ ಪಿಆರ್‌ಗೆ ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿಗೆ ಬೇಕಾದ ಪತ್ರವನ್ನೂ ಕ್ಲಬ್ಬಿನಿಂದ ಅವರೇ ಬರೆಸಿದರು. ಅದನ್ನು ಅವರೂ ಮರೆತಿಲ್ಲ, ನನ್ನನ್ನು ಮರೆಯಲೂ ಬಿಟ್ಟಿಲ್ಲ.

ಪಂದ್ಯದ ದಿನ ಅವರ ಅವತಾರ ನೋಡಬೇಕಿತ್ತು. ಇಲ್ಲಿನ ಬೇಸಿಗೆಯ ಸುಡು ಬಿಸಿಲಲ್ಲೂ ಕುತ್ತಿಗೆಗೆ ಕ್ಲಬ್ಬಿನ ಉಣ್ಣೆ ಸ್ಕಾರ್ಫ್. ಚೇರ್ಮನ್ ಪಕ್ಕದ ಕುರ್ಚಿ. ಕೈಯಲ್ಲೊಂದು ಮೀಟ್ ಪೈ. ಇಲ್ಲಿಯವರು ಮ್ಯಾಚ್ ನೋಡುತ್ತಾ ತಿನ್ನುವ, ಒಳಗೆ ಮಾಂಸದ ಗೊಜ್ಜು ತುಂಬಿದ ಕಡುಬಿನಂಥದ್ದು. ಮಹನೀಯರು ಮೊಟ್ಟೆಯನ್ನೂ ಮುಟ್ಟದವರು. ಆದರೆ ಚೇರ್ಮನ್ ಕೈಯಲ್ಲಿ ಪೈ ಇದ್ದ ಮೇಲೆ ತಮ್ಮ ಕೈಯಲ್ಲೂ ಇರಬೇಡವೇ? ಪೇಪರ್ ಕವರಿನ ಸಮೇತ ಅದನ್ನು ತೊಂಬತ್ತು ನಿಮಿಷ ಹಿಡಿದೇ ಕೂರುವರು. ಬಾಯಿಯವರೆಗೆ ಒಯ್ದು, ಏನೋ ಮಾತು ನೆನಪಾದಂತೆ ಇಳಿಸುವರು. ಬಿಸಿ ಪೈ ಕೈಯಿಂದ ಕೈಗೆ ಬದಲಾಗುವುದನ್ನು ನಾನು ಮೇಲಿನ ಕ್ಯಾಮೆರಾ ಗೂಡಿನಿಂದ ಎಷ್ಟು ಸಲ ನೋಡಿದ್ದೇನೋ. ಆಫ್‌ಸೈಡ್ ಎಂದರೇನೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಚೇರ್ಮನ್ ಕೂಗಿದರೆ ಕೂಗುವರು, ತಲೆ ಚಚ್ಚಿಕೊಂಡರೆ ಚಚ್ಚಿಕೊಳ್ಳುವರು.

ಪಂದ್ಯ ಮುಗಿದ ಮೇಲೆ ಆ ಆರಿದ ಪೈಯನ್ನು ಕೆಳಗೆ ತಂದು ದಾಸಣ್ಣನ ಕೈಗೆ ಕೊಡುವರು. "ತಗೊಳಪ್ಪಾ. ನೀವು ತಿಂತೀರಲ್ಲಾ."

ದಾಸಣ್ಣ ನಮ್ಮ ಅಸಿಸ್ಟೆಂಟ್ ಕೋಚ್. ಪೂರ್ತಿ ಹೆಸರು ಆರೋಗ್ಯದಾಸ್. ಬೆಂಗಳೂರಿನ ಗೌತಮಪುರದವರು. ಕಪ್ಪು ಮೈ, ಗಿಡ್ಡ ಆಳು, ಎಡ ಮಂಡಿಯಲ್ಲಿ ಹಳೇ ಆಪರೇಷನ್ನಿನ ಗೆರೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಇಲ್ಲಿನ ಆಟಗಾರರ ಜೊತೆ ಅವರದೇ ಒಂದು ಇಂಗ್ಲಿಷ್. ಆಟಗಾರರು ಪ್ರೀತಿಯಿಂದ ಡ್ಯಾಝಾ ಎಂದು ಕರೆಯುತ್ತಿದ್ದರು. ಊರಲ್ಲಿ ಸರ್ಕಾರಿ ಕಂಪನಿಯೊಂದರ ತಂಡಕ್ಕೆ ಆಡಿ, ಇಲ್ಲಿಗೆ ಬಂದು, ಹಗಲು ಗೋಡೌನ್ ಕೆಲಸ ಮಾಡುತ್ತಲೇ ಕೋಚಿಂಗಿನ ಒಂದೊಂದೇ ಪರೀಕ್ಷೆ ಪಾಸು ಮಾಡಿದವರು. ಈ ದೇಶದಲ್ಲಿ ಯಾವ ತಂಡಕ್ಕೆ ಬೇಕಾದರೂ ಹೆಡ್ ಕೋಚ್ ಆಗಲು ಬೇಕಾದ ಲೈಸೆನ್ಸ್ ಅವರ ಹತ್ತಿರವಿತ್ತು. ಅವರಿಗೆ ಬೇಕಾಗಿದ್ದದ್ದೂ ಅದೊಂದೇ. ಒಂದು ತಂಡ, ಒಂದು ಪೂರ್ತಿ ಸೀಸನ್, ತನ್ನ ಹೆಸರಿನಲ್ಲಿ.

ಅವರು ಕೆಲಸ ಮಾಡುವ ರೀತಿಯೇ ಬೇರೆ. ಹಾಫ್ ಟೈಮಿನಲ್ಲಿ ಬೇರೆ ಕೋಚ್‌ಗಳು ಬಿಳಿ ಹಲಗೆ ಮುಂದೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದರೆ ಇವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನೀರಿನ ಬಾಟಲಿಯ ಮುಚ್ಚಳಗಳನ್ನು ಜೋಡಿಸುವರು. ಆರಡಿ ಮೇಲಿನ ಆಟಗಾರರೆಲ್ಲ ಸುತ್ತ ನೆಲಕ್ಕೆ ಕೂರುವರು. ಒಂದು ಮುಚ್ಚಳ ಸರಿಸಿ ಒಬ್ಬನ ಮುಖ ನೋಡಿ ಒಂದು ಮಾತು ಹೇಳಿದರೆ ಮುಗಿಯಿತು.

"ಒಬ್ಬನ್ಗೆ ಒಂದೇ ಮಾತು ಮಚ್ಚಾ. ಎರಡು ಹೇಳಿದ್ರೆ ಎರಡೂ ಮರ್ತೋಗ್ತಾನೆ" ಎಂದು ನನಗೆ ಹೇಳಿಕೊಟ್ಟಿದ್ದರು. ನಾನೂ ಅಂದಿನಿಂದ ಒಬ್ಬ ಆಟಗಾರನಿಗೆ ಒಂದೇ ತುಂಡು ವಿಡಿಯೋ ತೋರಿಸುವುದನ್ನು ಕಲಿತೆ.

ಮಹನೀಯರ ಮನೆಯ ಗೃಹಪ್ರವೇಶಕ್ಕೆ ನಾವಿಬ್ಬರೂ ಹೋಗಿದ್ದೆವು. ದಾಸಣ್ಣ ಹೆಂಡತಿ ಜೊತೆ, ಒಂದು ಹಿತ್ತಾಳೆ ದೀಪ ಹಿಡಿದು ಬಂದಿದ್ದರು. ಬಾಗಿಲಲ್ಲೇ ವಿಚಾರಣೆ ನಡೆಯಿತು.

"ಬೆಂಗಳೂರಲ್ಲಿ ಯಾವ ಏರಿಯಾ?"

"ಗೌತಮಪುರ ಸರ್. ಅಲಸೂರು ಪಕ್ಕ."

"ಓ... ಆ ಕಡೆ."

ಮೂರನೇ ಪ್ರಶ್ನೆ ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ಒಳಗೆ ನೆಂಟರಿಷ್ಟರಿಗೆ ದಾಸಣ್ಣನನ್ನು ತೋರಿಸಿ, "ನಮ್ ಕ್ಲಬ್ಬಲ್ಲಿ ಫಿಟ್‌ನೆಸ್ ಎಲ್ಲಾ ಇವ್ರೇ ನೋಡ್ಕೊಳ್ಳೋದು" ಎಂದರು. ದಾಸಣ್ಣ ತಿದ್ದಲಿಲ್ಲ. ಕೇಸರಿಬಾತ್ ಚೆನ್ನಾಗಿದೆ ಎಂದು ಹೇಳಿ ಇನ್ನೊಂದು ಸಲ ಹಾಕಿಸಿಕೊಂಡರು.

ಈಗ ಆ ರೂಲಿಗೆ ಬರುತ್ತೇನೆ. ನಮ್ಮ ತಂಡದಲ್ಲಿ ಸುಡಾನಿನಿಂದ ಬಂದ ಮನೆಗಳ ಹುಡುಗರಿದ್ದರು, ಸುತ್ತಲಿನ ಸಮುದ್ರದ ದ್ವೀಪಗಳ ಕಡೆಯವರಿದ್ದರು, ಈ ನೆಲದ ಮೂಲನಿವಾಸಿ ಆಟಗಾರನೊಬ್ಬನಿದ್ದ. ಓಡುವುದಕ್ಕೆ, ಬೆವರುವುದಕ್ಕೆ, ಮಂಡಿ ಮುರಿದುಕೊಳ್ಳುವುದಕ್ಕೆ ಯಾವ ಬಣ್ಣವೂ ಆಗುತ್ತಿತ್ತು. ಗೆರೆಯಾಚೆ ಕೋಟು ಹಾಕಿ ನಿಂತು ಓಡಿಸುವವನು ಮಾತ್ರ ಬಿಳಿಯನೇ ಆಗಬೇಕು. ಒಬ್ಬ ಹೋದರೆ ಇಂಗ್ಲೆಂಡಿನಿಂದ ಇನ್ನೊಬ್ಬ. ಅವನು ಸೋತರೆ ಸ್ಕಾಟ್ಲೆಂಡಿನಿಂದ ಮತ್ತೊಬ್ಬ. ಇದನ್ನು ಯಾರೋ ಪತ್ರಿಕೆಯಲ್ಲಿ ಬರೆದುಬಿಟ್ಟಾಗ ಬೋರ್ಡಿಗೆ ಇರುಸುಮುರುಸಾಯಿತು. ಆಗ ನಮ್ಮ ಮಹನೀಯರು ಎದ್ದುನಿಂತು ಒಂದು ನಿಯಮ ತಂದರು. ಹೆಡ್ ಕೋಚ್ ಹುದ್ದೆಗೆ ಸಂದರ್ಶನ ನಡೆಸುವಾಗ ಬಿಳಿಯರಲ್ಲದ ಅಭ್ಯರ್ಥಿ ಒಬ್ಬರಾದರೂ ಇರಲೇಬೇಕು. ಎಲ್ಲವೂ ನ್ಯಾಯವಾಗಿ ನಡೆಯಿತೆಂದು ತೋರಿಸಲು ಸಂದರ್ಶನವನ್ನು ರೆಕಾರ್ಡ್ ಮಾಡಬೇಕು. ಬೋರ್ಡಿನವರು ಚಪ್ಪಾಳೆ ತಟ್ಟಿದರು. ಕ್ಲಬ್ಬಿನ ವೆಬ್‌ಸೈಟಿನಲ್ಲಿ ಅವರ ಫೋಟೋ ಬಂತು, ಸ್ಕಾರ್ಫ್ ಸಮೇತ.

ಮೊದಲ ಸಲ ಅದು ಜಾರಿಗೆ ಬಂದಾಗ ಸೀಸನ್ನಿನ ನಡುವೆ ಹೆಡ್ ಕೋಚನ್ನು ಕಿತ್ತುಹಾಕಿದ್ದರು. ದಾಸಣ್ಣನನ್ನು ಕೇರ್‌ಟೇಕರ್, ಅಂದರೆ ಹಂಗಾಮಿ ಕೋಚ್ ಮಾಡಿದರು. ಐದು ಪಂದ್ಯಗಳಲ್ಲಿ ನಾಲ್ಕು ಗೆದ್ದೆವು. ಹೆಡ್ ಕೋಚ್ ರೂಮಿನ ಕೀ ಕೊಟ್ಟಿದ್ದರೂ ದಾಸಣ್ಣ ಅಲ್ಲಿ ಕೂರಲಿಲ್ಲ. ಚೆಂಡು, ಬಲೆ ಇಡುವ ಸ್ಟೋರ್ ರೂಮಿನಲ್ಲೇ ಬ್ಯಾಗಿಟ್ಟುಕೊಂಡಿದ್ದರು. "ನಂದು ಅಂತ ಆಗ್ಲಿ, ಆಮೇಲೆ ಕೂತ್ಕೋತೀನಿ" ಎಂದರು.

ಸಂದರ್ಶನಕ್ಕೆ ಹೊಸ ಸೂಟು ಹೊಲಿಸಿದರು. ನಾನು ಅವರ ಐದು ಪಂದ್ಯಗಳ ವಿಡಿಯೋ ಕತ್ತರಿಸಿ ಜೋಡಿಸಿಕೊಟ್ಟೆ. ಒಳಗೆ ಮೂವರು: ಚೇರ್ಮನ್, ಹಿಂದೆ ದೇಶಕ್ಕಾಗಿ ಆಡಿದ್ದ ಒಬ್ಬ ಮಹಿಳೆ, ಮತ್ತು ನಮ್ಮವರು. ಕ್ಯಾಮೆರಾ ಇಟ್ಟು, ಆನ್ ಮಾಡಿ, ನಾನು ಹೊರಗೆ ಬಂದೆ. ದಾಸಣ್ಣ ನಲವತ್ತು ನಿಮಿಷ ಮಾತಾಡಿ ಹೊರಬಂದರು. ಕ್ಯಾಮೆರಾ ಆಫ್ ಮಾಡುವುದು ಒಳಗಿದ್ದವರಿಗೆ ನೆನಪಾಗಲಿಲ್ಲ. ಸಂಜೆ ಅದನ್ನು ಸೇವ್ ಮಾಡುವಾಗ ಉಳಿದದ್ದನ್ನೂ ನೋಡಿದೆ.

ಆ ಮಹಿಳೆ ಮೊದಲು ಮಾತಾಡಿದಳು. ಇವತ್ತು ಬಂದ ಮೂವರಲ್ಲಿ ಈತನೇ ಉತ್ತಮ, ಆಟ ಗೊತ್ತಿರುವವನು ಇವನೊಬ್ಬನೇ ಎಂದಳು. ಚೇರ್ಮನ್ ಕಿಟಕಿ ನೋಡುತ್ತಾ, ಒಳ್ಳೇ ಮನುಷ್ಯ, ಆದರೆ ನಮ್ಮ ಬೆಂಬಲಿಗರು ಇಂಥದ್ದಕ್ಕೆ ಇನ್ನೂ ಸಿದ್ಧರಿಲ್ಲ ಎಂದ. ಆಕೆ ನಮ್ಮವರ ಕಡೆ ತಿರುಗಿದಳು. ನಿಮ್ಮ ಊರಿನವನೇ ಅಲ್ಲವೇ, ನೀವು ಹೇಳಿ, ನಿಮ್ಮ ಮತ ಬಿದ್ದರೆ ಇಬ್ಬರಾಗುತ್ತೇವೆ ಎಂದಳು. ಅಲ್ಲಿ ಒಂದು ಕ್ಷಣ ಇತ್ತು. ಮಹನೀಯರು ಚೇರ್ಮನ್ ಮುಖ ನೋಡಿದರು. ಕುತ್ತಿಗೆಯ ಸ್ಕಾರ್ಫ್ ಸರಿಮಾಡಿಕೊಂಡರು.

"ನಾಟ್ ಯೆಟ್" ಎಂದರು. ಇನ್ನೂ ಸ್ವಲ್ಪ ಪಾಲಿಶ್ ಬೇಕು ಎಂದರು. ನಾನು ಅಲ್ಲಿಂದಲೇ ಬಂದವನು, ಇಂಥ ಜನರ ಬಗ್ಗೆ ನನಗೆ ಗೊತ್ತು ಎಂದರು.

ಚೇರ್ಮನ್ನನ ಮಾತು ನನಗೆ ಆಶ್ಚರ್ಯ ತರಲಿಲ್ಲ. ಅಂಥವರನ್ನು ಇಲ್ಲಿ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ನೋಡಿ ಅಭ್ಯಾಸವಾಗಿದೆ. ಆದರೆ ಇವರದು? ಮೈಸೂರಿನಿಂದ ಸಮುದ್ರ ದಾಟಿ ಬಂದು, ಬಿಳಿಯರ ಪಕ್ಕ ಒಂದು ಕುರ್ಚಿ ಗಿಟ್ಟಿಸಿ, ಅಲ್ಲಿ ಕೂತು ಮಾಡಿದ ಕೆಲಸ ಇದು. ಥೂ ಎಂದೆ. ರೂಮಿನಲ್ಲಿ ಒಬ್ಬನೇ ಇದ್ದುದರಿಂದ ಧೈರ್ಯವಾಗಿ ಎಂದೆ.

ಮರುದಿನ ಅವರು ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದರು. ಯಾರ ಜೊತೆ ಮಾತಾಡಿದರೂ ಮೊಣಕೈ ಹಿಡಿದೇ ಮಾತಾಡುವ ಅಭ್ಯಾಸ ಅವರಿಗೆ.

"ನೋಡೋ, ನಾನು ಲಾಂಗ್ ಟರ್ಮ್ ಯೋಚನೆ ಮಾಡ್ತೀನಿ. ಫಸ್ಟ್ ಟೈಮ್ ನಮ್ಮವನೊಬ್ಬ ಕೂತು, ಸೋತ ಅಂದ್ಕೋ. ಆಮೇಲೆ ನಮ್ಮವರಿಗೆ ಯಾರಿಗಾದ್ರೂ ಕೊಡ್ತಾರಾ? ಅದಕ್ಕೇ ಸರಿಯಾದ ನಮ್ಮವನು ಬರೋವರೆಗೂ ಕಾಯ್ಬೇಕು. ಪ್ರೆಸ್ ಮುಂದೆ ನಿಂತ್ರೆ ಆಪ್ಟಿಕ್ಸ್ ಚೆನ್ನಾಗಿರ್ಬೇಕು."

"ದಾಸಣ್ಣ ನಾಲ್ಕು ಮ್ಯಾಚ್ ಗೆದ್ದಿದಾರಲ್ಲ ಸರ್."

"ಗೆಲ್ಲೋದು ಬೇರೆ, ಲೀಡರ್‌ಶಿಪ್ ಬೇರೆ. ಅಂದ್ಹಾಗೆ ನಿನ್ ಪಿಆರ್ ಎಲ್ಲಿಗೆ ಬಂತು?"

ಇನ್ನೂ ಬಂದಿಲ್ಲ ಸರ್ ಎಂದೆ. ಮಾತು ಅಲ್ಲಿಗೆ ನಿಂತಿತು. ರೆಕಾರ್ಡಿಂಗ್ ಬಗ್ಗೆ ದಾಸಣ್ಣನಿಗೆ ನಾನು ಹೇಳಲಿಲ್ಲ.

ದಾಸಣ್ಣನ ಬದಲು ಇಂಗ್ಲೆಂಡಿನಿಂದ ಬಂದವನು ಒಂದೂವರೆ ವರ್ಷ ಇದ್ದು, ತಂಡವನ್ನು ಪಟ್ಟಿಯ ತಳಕ್ಕೆ ತಂದು ಹೊರಟ. ಮತ್ತೆ ದಾಸಣ್ಣ ಹಂಗಾಮಿ. ಮತ್ತೆ ತಂಡ ಉಸಿರಾಡಿತು. ಮತ್ತೆ ಸಂದರ್ಶನ, ಬುಧವಾರಕ್ಕೆ. ಅದರ ಹಿಂದಿನ ಸೋಮವಾರ ಮಹನೀಯರು ಫೋನ್ ಮಾಡಿ, ಹೊಸ ಕೋಚ್‌ಗೆ ಸ್ವಾಗತದ ವಿಡಿಯೋ ಒಂದು ನಿಮಿಷದ್ದು ರೆಡಿ ಮಾಡಿಡು, ಶುಕ್ರವಾರ ಹಾಕಬೇಕು ಎಂದರು. ಅವನ ಹಳೇ ಪಂದ್ಯಗಳ ಫೋಟೋ ಕಳಿಸಿದರು. ಕೆಂಪು ಗಡ್ಡದ ಒಬ್ಬ ಸ್ಕಾಟ್ಲೆಂಡಿನವನು.

"ಸರ್, ಇಂಟರ್‌ವ್ಯೂ ಬುಧವಾರ ಅಲ್ವಾ?"

"ಇಂಟರ್‌ವ್ಯೂ ಇಂಟರ್‌ವ್ಯೂನೇ. ನೀನ್ ವಿಡಿಯೋ ಮಾಡು."

ಮಾಡಿದೆ. ಹಿನ್ನೆಲೆಗೆ ಡ್ರಮ್ಮಿನ ಸದ್ದು ಹಾಕಿ ಚೆನ್ನಾಗಿಯೇ ಮಾಡಿದೆ. ಅದೇ ಲ್ಯಾಪ್‌ಟಾಪಿನಲ್ಲಿ, ಅದೇ ಎರಡು ದಿನ, ದಾಸಣ್ಣನಿಗೆ ಸಂದರ್ಶನದ ತುಣುಕುಗಳನ್ನೂ ಜೋಡಿಸಿದೆ. ಬುಧವಾರ ಬೆಳಿಗ್ಗೆ ಅವರು ಸೂಟು ಹಾಕಿಕೊಂಡು ಒಂದು ಸಲ ಅಭ್ಯಾಸ ಮಾಡಲು ನನ್ನ ರೂಮಿಗೆ ಬಂದರು. ಲ್ಯಾಪ್‌ಟಾಪ್ ತೆರೆದರೆ ಪರದೆಯ ಮೂಲೆಯಲ್ಲಿ ಆ ಕೆಂಪು ಗಡ್ಡ, ಕೆಳಗೆ ನಮ್ಮ ಕ್ಲಬ್ಬಿನ ಲಾಂಛನ, ಸ್ವಾಗತ ಎಂಬ ಅಕ್ಷರ. ಅಳಿಸುವುದು ಹಾಗಿರಲಿ, ಒಂದು ಫೋಲ್ಡರಿನೊಳಗೆ ಹಾಕಲೂ ನನಗೆ ಹೊಳೆದಿರಲಿಲ್ಲ.

ದಾಸಣ್ಣ ಅದನ್ನು ಓದಿದರು. ನನ್ನನ್ನು ನೋಡಿದರು. ತಮ್ಮ ಫೈಲ್ ತೆರೆದು, ಇಪ್ಪತ್ತು ನಿಮಿಷ ಅಭ್ಯಾಸ ಮಾಡಿ, ಟೈ ಸರಿಮಾಡಿಕೊಂಡು ಒಳಗೆ ಹೋದರು. ಆವತ್ತಿನ ರೆಕಾರ್ಡಿಂಗ್ ನನ್ನ ಹತ್ತಿರ ಈಗಲೂ ಇದೆ. ಕೆಲಸ ಬೇರೆಯವನಿಗೆ ಹೋಗಿದೆಯೆಂದು ಗೊತ್ತಿದ್ದೂ ಒಂದು ತಂಡವನ್ನು ಹೇಗೆ ಕಟ್ಟುವೆನೆಂದು ಆ ಮನುಷ್ಯ ನಲವತ್ತು ನಿಮಿಷ ವಿವರಿಸಿದ್ದಾರೆ. ಒಂದು ಕಡೆಯೂ ದನಿ ಒಡೆದಿಲ್ಲ. ನಮ್ಮ ಮಹನೀಯರು ಅಷ್ಟೂ ಹೊತ್ತು ತಲೆಯಾಡಿಸುತ್ತಾ, ನಡುನಡುವೆ "ಎಕ್ಸಲೆಂಟ್, ಎಕ್ಸಲೆಂಟ್" ಎನ್ನುತ್ತಾ ಕೂತಿದ್ದಾರೆ. ಅವರ ಮಾರ್ಕ್ಸ್ ಶೀಟಿನಲ್ಲಿ ದಾಸಣ್ಣನಿಗೆ ಐವತ್ತಕ್ಕೆ ಇಪ್ಪತ್ತಾರು. ಹಿಂದಿನ ಸಲವೂ ಇಪ್ಪತ್ತಾರೇ ಇತ್ತು. ಹಳೇ ಶೀಟು ನೋಡಿಕೊಂಡು ಬರೆದಿರಬೇಕು.

ಹೊರಗೆ ಬಂದ ದಾಸಣ್ಣ, "ಚೆನ್ನಾಗಾಯ್ತು ಮಚ್ಚಾ, ನಿನ್ ಕ್ಲಿಪ್ಸ್ ಸೂಪರ್" ಎಂದರು. ಆಮೇಲೆ, "ಆ ಡ್ರಮ್ ಸೌಂಡು ಜಾಸ್ತಿ ಆಯ್ತು ನೋಡು. ನಿನ್ನೆ ಕಾರಿಡಾರಲ್ಲಿ ಕೇಳಿಸ್ತಿತ್ತು" ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮೂರನೇ ಸಲ ಬಂದದ್ದು ಹೋದ ವರ್ಷ. ಕೆಂಪು ಗಡ್ಡದವನೂ ಹೋದ. ದಾಸಣ್ಣ ಮತ್ತೆ ಹಂಗಾಮಿ, ಬ್ಯಾಗು ಮತ್ತೆ ಸ್ಟೋರ್ ರೂಮಿನಲ್ಲಿ. ಸಂದರ್ಶನಕ್ಕೆ ಕರೆ ಬಂದಾಗ ಅವರು ಒಂದೇ ಸಾಲಿನ ಇಮೇಲ್ ಬರೆದರು: ನಾನು ಅಭ್ಯರ್ಥಿಯಲ್ಲ, ಧನ್ಯವಾದ.

ಕ್ಲಬ್ಬಿನಲ್ಲಿ ಭೂಕಂಪವಾಯಿತು. ಹೊಸ ಕೋಚ್ ಆಗಲೇ ವಿಮಾನದ ಟಿಕೆಟ್ ಬುಕ್ ಮಾಡಿಯಾಗಿತ್ತು. ಇತ್ತ ಸಿಡ್ನಿಯಲ್ಲಿ, ಈ ರೂಲನ್ನು ದೇಶದ ಎಲ್ಲ ಕ್ಲಬ್ಬುಗಳಿಗೂ ತರಲು ಒಂದು ಸಮಿತಿ ಕಟ್ಟುತ್ತಿದ್ದರು. ಅದರ ಮುಖ್ಯಸ್ಥನ ಸ್ಥಾನಕ್ಕೆ ಮಹನೀಯರ ಹೆಸರು ಓಡಾಡುತ್ತಿತ್ತು. ಆ ಹೊತ್ತಿನಲ್ಲಿ ಅವರ ಸ್ವಂತ ಕ್ಲಬ್ಬಿನಲ್ಲೇ ರೂಲ್ ಮುರಿದರೆ? ಅವರು ದಾಸಣ್ಣನ ಮನೆಗೆ, ವಿಂಡಮ್ ವೇಲ್‌ಗೆ, ಜೀವನದಲ್ಲಿ ಮೊದಲ ಸಲ ಹೋದರು. ಕಾಫಿ ಕುಡಿದರು, ಅದೂ ಮೊದಲ ಸಲ. ದಾಸಣ್ಣ ಒಪ್ಪಲಿಲ್ಲ.

"ಏನು ಅಹಂಕಾರ ಕಣೋ ಅವನಿಗೆ" ಎಂದು ಮರುದಿನ ನನ್ನ ಮೊಣಕೈ ಹಿಡಿದರು. ಕೈ ಬೆವರಿತ್ತು. "ಇಷ್ಟು ಆಪರ್ಚುನಿಟಿ ಕೊಟ್ರೂ ಗ್ರ್ಯಾಟಿಟ್ಯೂಡ್ ಇಲ್ಲ. ಅದಕ್ಕೇ ಇವ್ರು ಮೇಲೆ ಬರಲ್ಲ. ಹೋಗ್ಲಿ ಬಿಡು. ನೀನೇ ಬಂದು ಕೂತ್ಕೋ."

"ಎಲ್ಲಿಗೆ ಸರ್?"

"ಇಂಟರ್‌ವ್ಯೂಗೆ. ಕ್ಯಾಂಡಿಡೇಟ್ ಆಗಿ."

ನಾನು ನಕ್ಕೆ. ಅವರು ನಗಲಿಲ್ಲ.

"ಸರ್, ನಾನು ವಿಡಿಯೋ ಮಾಡೋನು. ನಂಗೆ ಲೈಸೆನ್ಸ್ ಇಲ್ಲ. ಜೀವಮಾನದಲ್ಲಿ ಒಬ್ಬರಿಗೂ ಕೋಚಿಂಗ್ ಮಾಡಿಲ್ಲ."

"ರೂಲಲ್ಲಿ ಲೈಸೆನ್ಸ್ ಇರ್ಬೇಕು ಅಂತ ಎಲ್ಲೂ ಬರೆದಿಲ್ಲ. ನಾನೇ ತಾನೆ ಬರ್ದಿದ್ದು? ಹತ್ ನಿಮಿಷದ ಕೆಲ್ಸ. ಒಂದ್ ಟೈ ಹಾಕ್ಕೊಂಡ್ ಬಾ."

ಇಲ್ಲಿ ನನಗೆ ನೆಪವಿಲ್ಲ. ಪಿಆರ್ ಬಂದು ಎರಡು ವರ್ಷವಾಗಿತ್ತು. ಈ ಮನುಷ್ಯ ನನ್ನ ಕೂದಲನ್ನೂ ಕೊಂಕಿಸಲಾರ ಎಂದು ಚೆನ್ನಾಗಿ ಗೊತ್ತಿತ್ತು. ಆಗುವುದಿಲ್ಲ ಸರ್ ಎಂದರೆ ಆಗಿಹೋಗುತ್ತಿತ್ತು. ಆದರೆ ಪೆಂಡಲ್ ಹಿಲ್‌ನಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಕಲಿತ ಆ "ಸರಿ ಸರ್" ಬಾಯಿಂದ ತಾನಾಗಿಯೇ ಹೊರಬಂತು.

ಟೈ ಹಾಕಿಕೊಂಡು ಹೋದೆ. ಕ್ಯಾಮೆರಾ ನಾನೇ ಇಟ್ಟೆ, ನಾನೇ ಆನ್ ಮಾಡಿ, ನಾನೇ ಅದರ ಮುಂದೆ ಕೂತೆ. ಆ ಮಹಿಳೆ ಬೋರ್ಡ್ ಬಿಟ್ಟುಹೋಗಿದ್ದಳು. ಅವಳ ಜಾಗದಲ್ಲಿ ಯಾರೋ ವಕೀಲ. ತಂಡವನ್ನು ಹೇಗೆ ಕಟ್ಟುವಿರಿ ಎಂದು ಕೇಳಿದರು. ನನಗೇನು ಗೊತ್ತು? ಎರಡು ಸಂದರ್ಶನಗಳಲ್ಲಿ ದಾಸಣ್ಣ ಹೇಳಿದ್ದನ್ನು ಎಷ್ಟೋ ಸಲ ಕೇಳಿದ್ದೆನಲ್ಲ, ಅದನ್ನೇ ಹೇಳಿದೆ. ಒಬ್ಬ ಆಟಗಾರನಿಗೆ ಒಂದೇ ಮಾತು ಎಂಬುದನ್ನೂ ಹೇಳಿದೆ. ಚೇರ್ಮನ್ ಅದನ್ನು ಬರೆದುಕೊಂಡ. "ಬ್ರಿಲಿಯಂಟ್" ಎಂದರು ಮಹನೀಯರು.

ಹತ್ತು ನಿಮಿಷದಲ್ಲಿ ಮುಗಿಯಿತು. ಸಂಜೆ ಎಂದಿನಂತೆ ರೆಕಾರ್ಡಿಂಗ್ ಜೊತೆ ಮಾರ್ಕ್ಸ್ ಶೀಟುಗಳನ್ನೂ ಸ್ಕ್ಯಾನ್ ಮಾಡಲು ನನಗೇ ಕೊಟ್ಟರು. ನನಗೆ ಐವತ್ತಕ್ಕೆ ಮೂವತ್ತೊಂದು.

ದಾಸಣ್ಣ ಕ್ಲಬ್ ಬಿಡುವ ದಿನ ಸ್ಟೋರ್ ರೂಮಿನಲ್ಲಿ ಬ್ಯಾಗು ತುಂಬುತ್ತಿದ್ದರು. ಬಾಗಿಲಲ್ಲಿ ನಿಂತೆ. ನಾನು ಒಳಗೆ ಹೋಗಿ ಕೂತದ್ದು ಅಷ್ಟರಲ್ಲಿ ಕ್ಲಬ್ಬಿಗೆಲ್ಲ ಗೊತ್ತಾಗಿತ್ತು.

"ಎಷ್ಟ್ ಕೊಟ್ರು?" ಎಂದರು, ಬ್ಯಾಗಿನಿಂದ ತಲೆ ಎತ್ತದೆ.

"ಅಣ್ಣಾ, ಸಾರಿ."

"ಸಾರಿ ಇರ್ಲಿ. ಎಷ್ಟ್ ಕೊಟ್ರು ಹೇಳು."

ಹೇಳಿದೆ. ತಮ್ಮದು ಎಷ್ಟೆಂದು ಕೇಳಿದರು. ಅದನ್ನೂ ಹೇಳಿದೆ, ಮೊದಲ ಸಲ ಕ್ಯಾಮೆರಾ ಏನೇನು ಹಿಡಿದಿತ್ತೆಂದೂ ಹೇಳಿದೆ, ಮೂರು ವರ್ಷ ತಡವಾಗಿ. ದಾಸಣ್ಣ ಬ್ಯಾಗಿನ ಜಿಪ್ ಎಳೆದರು. ಎದ್ದುಬಂದು ನನ್ನ ಕೈ ಹಿಡಿದು ಕುಲುಕಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಸಾಕು ಎಂದೂ ಅಂದುಕೊಂಡಿದ್ದೆ.

"ಕಂಗ್ರಾಟ್ಸ್, ಕೋಚ್" ಎಂದು ಹೇಳಿ ಹೊರಟುಹೋದರು.

ಹೋದ ಭಾನುವಾರ ಬಳಗದವರು ಮಹನೀಯರಿಗೆ ಬೀಳ್ಕೊಡುಗೆ ಕೊಟ್ಟರು. ಶಾಲು, ಹಾರ, ಮೈಸೂರು ಪೇಟ. ಸಿಡ್ನಿಯ ಸಮಿತಿಗೆ ಅವರೇ ಮುಖ್ಯಸ್ಥರು. ಇನ್ನು ದೇಶದ ಎಲ್ಲ ಕ್ಲಬ್ಬುಗಳಲ್ಲೂ ಅವರ ರೂಲು. ಭಾಷಣದ ನಡುವೆ ನನ್ನನ್ನು ವೇದಿಕೆಗೆ ಕರೆದು ಮೊಣಕೈ ಹಿಡಿದರು.

"ಈ ಹುಡುಗನ್ನ ನೋಡಿ. ಪೆಂಡಲ್ ಹಿಲ್ಲಲ್ಲಿ ಪಾತ್ರೆ ತೊಳೀತಿದ್ದ. ನನ್ನ ರೂಲ್ ಇದ್ದಿದ್ರಿಂದ ಪ್ರೊಫೆಷನಲ್ ಕ್ಲಬ್ಬಿನ ಹೆಡ್ ಕೋಚ್ ಪೋಸ್ಟಿಗೆ ಶಾರ್ಟ್‌ಲಿಸ್ಟ್ ಆದ. ನಮ್ಮ ಕನ್ನಡದ ಹುಡುಗ!"

ಹಾಲ್ ತುಂಬ ಚಪ್ಪಾಳೆ. ಆಂಟಿಯರು ಫೋಟೋ ತೆಗೆದರು. ನಾನು ಕೈ ಮುಗಿದೆ, ನಕ್ಕೆ. ಸಂಪಾದಕಿ ನನ್ನನ್ನೇ ಆರಿಸಿದ್ದು ಇದಕ್ಕೆ. ದಾಸಣ್ಣನಿಗೆ ಆಹ್ವಾನ ಹೋಗಿರಲಿಲ್ಲ. ಅವರು ಬಳಗದ ಸದಸ್ಯರಲ್ಲವಂತೆ.

ಈ ಮನುಷ್ಯನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ. ಪೈ ತಿನ್ನದವರ ಬಗ್ಗೆ ನನ್ನ ತಕರಾರಿಲ್ಲ, ತಿನ್ನುವವರ ಬಗ್ಗೆಯೂ ಇಲ್ಲ. ಬಾಯಿಗೆ ಹಾಕದ ಪೈಯನ್ನು ಯಾರನ್ನೋ ಮೆಚ್ಚಿಸಲು ಹಿಡಿದು ಕೂತು, ಕೊನೆಗೆ ಅದನ್ನೇ ಇನ್ನೊಬ್ಬನ ಕೈಗೆ ದಾನವೆಂಬಂತೆ ತುರುಕುವ ಆ ಕೈಯನ್ನು ಕಂಡರೆ ಈಗಲೂ ಮೈ ಉರಿಯುತ್ತದೆ. ಸಂಚಿಕೆಯವರು ಇದನ್ನು ಹಾಕದಿದ್ದರೆ ನಾನೇ ಮಹನೀಯರಿಗೆ ಕಳಿಸುತ್ತೇನೆ.

ದಾಸಣ್ಣ ಈಗ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್. ಶನಿವಾರ ಬೆಳಿಗ್ಗೆ ವಿಂಡಮ್ ವೇಲ್‌ನ ಕೌನ್ಸಿಲ್ ಮೈದಾನದಲ್ಲಿ ಕೆಲಸದಿಂದ ಬಂದ ಡ್ರೈವರುಗಳು, ನರ್ಸುಗಳು, ಪ್ಯಾಕಿಂಗ್‌ನವರೆಲ್ಲ ಸೇರಿ ಕಟ್ಟಿದ ಒಂದು ತಂಡಕ್ಕೆ ಹೇಳಿಕೊಡುತ್ತಾರೆ. ಎರಡು ಸಲ ಹೋಗಿ ಬೇಲಿಯಾಚೆ ನಿಂತು ನೋಡಿದ್ದೇನೆ. ಹಾಫ್ ಟೈಮಿನಲ್ಲಿ ಕುಕ್ಕರಗಾಲಲ್ಲಿ ಕೂತು ಮುಚ್ಚಳ ಜೋಡಿಸುತ್ತಿದ್ದರು. ನನ್ನನ್ನು ಕಂಡು ಎದ್ದುನಿಂತರು. ಅಷ್ಟು ವರ್ಷ ಮಚ್ಚಾ ಎಂದು ಏಕವಚನದಲ್ಲಿ ಕರೆದವರು, ಎಲ್ಲರಿಗೂ ಕೇಳುವಂತೆ, "ಬನ್ನಿ ಕೋಚ್, ಒಳಗ್ ಬನ್ನಿ" ಎಂದರು. ಎರಡೂ ಸಲ ಹಾಗೆಯೇ. ಆ ತಂಡದವರು ನನ್ನನ್ನು ನಿಜವಾಗಿ ಎಲ್ಲಿಯದೋ ಕೋಚ್ ಎಂದೇ ತಿಳಿದು ಜಾಗ ಬಿಟ್ಟುಕೊಟ್ಟರು. ನಾನು ತಿದ್ದಲಿಲ್ಲ.